ಖಾಲಿ ಸಾಲಿಗೂ ಒಂದು ಗುರುತು

ಹೆಸರು ಎಲ್ಲಿ ಹೋಯಿತು? ಮುದ್ರಣದ ತಪ್ಪಿರಬಹುದೇ, ಇಲ್ಲ ಸಾಹೇಬರೇ ತೆಗೆಸಿದರೇ? ತೆಗೆಸಿದ್ದರೆ ಏಕೆ? ಮೊನ್ನೆ ಅಧ್ಯಕ್ಷರು ತಾನು ಮಾಡಿದ ವರದಿಯನ್ನು ಎತ್ತಿ ಹಿಡಿದು ಹೊಗಳಿದ್ದು ಕಿವಿಗೆ ಬಿದ್ದುದರಿಂದಲೇ? ಚನ್ನಗಿರಿಯ ಕೇಂದ್ರ ಕಚೇರಿಯಲ್ಲಿ ಪ್ರಿಂಟರಿನ ಮುಂದೆ ನಿಂತ ದುರುಗೇಶ್ ಕೈಯಲ್ಲಿದ್ದ ಹಾಳೆಯನ್ನು ಮೂರನೆಯ ಬಾರಿ ನೋಡಿದ. ನಾಲ್ಕು ದಿನದ ಹಿಂದೆ ‘ವಿನ್ಯಾಸ: ದುರುಗೇಶ್’ ಎಂದಿದ್ದ ಕಡೆಯ ಸಾಲಿನಲ್ಲಿ ಈಗ ‘ವಿನ್ಯಾಸ: ಪಂಚಾಕ್ಷರಪ್ಪ’ ಎಂದಿತ್ತು. ತನಗೆ ಕೆಲಸ ಕಲಿಸಿದ ಸಾಹೇಬರು ಅಂಥವರಲ್ಲ ಎನ್ನುತ್ತಿತ್ತು ಒಂದು ಮನಸ್ಸು. ಕಾಗದದ ಮೇಲೆ ಇರುವುದು ಇದೇ ತಾನೇ ಎನ್ನುತ್ತಿತ್ತು ಇನ್ನೊಂದು.

ಬೀಜ ವಿತರಣಾ ಸಹಕಾರ ಸಂಘದ ಅಂಕಿಅಂಶ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಪಂಚಾಕ್ಷರಪ್ಪನವರ ಗೌರವಾರ್ಥ ಬರುತ್ತಿರುವ ಸಂಪುಟದಲ್ಲಿ ಸಂದೇಹದಿಂದ ಮಾತು ತೊಡಗುವುದು ಉಚಿತವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಒಂದಾದರೂ ಸಂದೇಹವನ್ನು ದಾಟಿ ಬಾರದ ವರದಿಯನ್ನು ಅವರು ಒಪ್ಪಿದವರಲ್ಲ. ಅಂಕಿಗಳನ್ನು ಕೂಡಿಹಾಕುವವರು ನಮ್ಮಲ್ಲಿ ಬಹಳ ಮಂದಿ. ಡೇಟಾಬೇಸಿನ ಹೊಟ್ಟೆಯಲ್ಲಿ ಬಿದ್ದಿರುವ ಲಕ್ಷ ಸಾಲುಗಳಿಂದ, ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕೆಂಬುದನ್ನು ಒಂದು ಪುಟದಲ್ಲಿ ಕಾಣಿಸುವಂತೆ ವರದಿ ಕಟ್ಟಬಲ್ಲವರು ಕಡಿಮೆ. ಆ ಕೆಲವರಲ್ಲಿ ಪಂಚಾಕ್ಷರಪ್ಪನವರು ಒಬ್ಬರು.

೧೯೮೯ರಲ್ಲಿ ಹೊನ್ನಾಳಿಯ ಗೋದಾಮಿಗೆ ಗುಮಾಸ್ತರಾಗಿ ಸೇರಿದ ಅವರು ಹತ್ತು ವರ್ಷ ಭತ್ತದ ಬೀಜದ ಚೀಲಗಳನ್ನು ಎಣಿಸಿದರು. ಕಂಪ್ಯೂಟರ್ ಬಂದಾಗ ಉಳಿದವರು ಅದಕ್ಕೆ ಹೊದಿಕೆ ಹೊಲಿಸಿದರೆ, ಅವರು ಅದರ ಕೈಪಿಡಿಯನ್ನು ಬಸ್ಸಿನಲ್ಲಿ ಓದುತ್ತ ಓಡಾಡಿದರು. ಕೇಂದ್ರ ಕಚೇರಿಗೆ ಬಂದ ಮೇಲೆ, ಒಂದೇ ಮಾಹಿತಿಯಿಂದ ಅಧ್ಯಕ್ಷರಿಗೊಂದು, ಗೋದಾಮಿಗೊಂದು, ಲಾರಿಯ ಚಾಲಕನಿಗೊಂದು ವರದಿಯನ್ನು, ಅವರವರ ಅಗತ್ಯಕ್ಕೆ ತಕ್ಕಂತೆ ಬೇರ್ಪಡಿಸಿ, ಗುಂಪು ಮಾಡಿ, ಉಪಮೊತ್ತ ಹಾಕಿ ತೆಗೆಯುವ ಕ್ರಮವನ್ನು ರೂಢಿಗೆ ತಂದವರು ಅವರೇ. ದುರುಗೇಶ್ ಒಂದು ವರ್ಷದ ಗುತ್ತಿಗೆಯ ಮೇಲೆ ಸೇರಿದ ಹೊಸತರಲ್ಲಿ ಕೆಂಪು, ಹಸಿರು ಬಣ್ಣ ತುಂಬಿದ ವರದಿಯೊಂದನ್ನು ತಯಾರಿಸಿದ್ದ. ಪಂಚಾಕ್ಷರಪ್ಪನವರು ಅದನ್ನು ಚಾಲಕ ಪಾಲಣ್ಣನ ಕೈಗಿತ್ತರು.

“ಇದ್ರಾಗೆ ಕೆಂಪು ಯಾವ್ದು, ಹಸಿರು ಯಾವ್ದಪ್ಪ ದುರುಗೇಶ?” ಎಂದ ಪಾಲಣ್ಣ. “ನಮ್ ಗೋದಾಮಿನ ಪ್ರಿಂಟ್ರು ಕಪ್ಪು ಬಿಟ್ರೆ ಬೇರೆ ಉಗುಳಲ್ಲ. ಊರಿನ ಹೆಸರು ದೊಡ್ಡದಾಗಿ ಹಾಕು, ಸ್ಟೇರಿಂಗ್ ಹಿಡ್ಕಂಡು ಓದಾಕೆ ಬರಂಗೆ.”

ವರದಿ ಮಾಡಿದವನ ಹೆಸರು ಅದರ ಕೆಳಗೆ ಇರಲೇಬೇಕೆಂಬುದು ಪಂಚಾಕ್ಷರಪ್ಪನವರ ಇನ್ನೊಂದು ನಿಯಮ. ಗುತ್ತಿಗೆಯವನಾಗಲಿ, ತಿಂಗಳ ಹಿಂದೆ ಬಂದವನಾಗಲಿ, ಅವನ ಹೆಸರೇ. ಅವರ ಕೈಕೆಳಗೆ ಹೊರಬಂದ ನೂರಾರು ವರದಿಗಳಲ್ಲಿ ಅವರ ಹೆಸರಿರುವುದು ತೀರ ಕಡಿಮೆ. ದುರುಗೇಶನ ನೋವಿಗೆ ಕಾರಣವೂ ಇದೇ. ನಿಯಮ ಮಾಡಿದವರೇ ಮುರಿದಿದ್ದರು.

ಅದು ಹಲವು ವರ್ಷಗಳ ಹಿಂದಿನ ಮಾತು, ಮುಂಗಾರಿನ ಮುಂಚಿನ ವಾರ. ಯಾವ ಊರಿಗೆ ಎಷ್ಟು ಬೀಜ ಬೇಕೆಂದು ಚೀಟಿಗಳು ಬರುತ್ತವೆ. ಅವನ್ನು ಗೋದಾಮುಗಳಲ್ಲಿ ಕಂಪ್ಯೂಟರಿಗೆ ಏರಿಸುತ್ತಾರೆ. ವರದಿಯಲ್ಲಿ ಇರುವ ಊರಿಗೆ ಲಾರಿ ಹೋಗುತ್ತದೆ. ದುರುಗೇಶ್ ಊರುಗಳ ಪಟ್ಟಿಯನ್ನೂ ಚೀಟಿಗಳ ಪಟ್ಟಿಯನ್ನೂ ಜೋಡಿಸಿ ಅಚ್ಚುಕಟ್ಟಾದ ವರದಿ ತೆಗೆದ. ಅಂದು ನ್ಯಾಮತಿಯ ಗೋದಾಮಿನಲ್ಲಿದ್ದ ಪಂಚಾಕ್ಷರಪ್ಪನವರು ಸಂಜೆ ಬಂದವರೇ ಸಹಿ ಹಾಕಿದರು. ಎಂದಿನಂತೆ ಪೆನ್ಸಿಲ್ ಹಿಡಿದು ಊರುಗಳನ್ನು ಎಣಿಸಲಿಲ್ಲ. ಎರಡು ದಿನದ ಮೇಲೆ ಎಣಿಸಿದರು. ಇನ್ನೂರ ಹನ್ನೆರಡು ಇರಬೇಕಾದಲ್ಲಿ ಇನ್ನೂರ ನಾಲ್ಕಿದ್ದವು. ಇಲ್ಲದ ಎಂಟೂ ಜಗಳೂರಿನ ಕಡೆಯವು.

ದುರುಗೇಶನ ಜೋಡಣೆಯಲ್ಲಿ ಎರಡೂ ಪಟ್ಟಿಯಲ್ಲಿರುವ ಊರಷ್ಟೇ ಉಳಿಯುತ್ತಿತ್ತು. ಸಂಘದ ನಾಲ್ಕು ಗೋದಾಮುಗಳಲ್ಲಿ ಜಗಳೂರು ಬಿಟ್ಟು ಉಳಿದ ಮೂರರಲ್ಲಿ ಚೀಟಿ ಬಾರದ ಊರಿಗೆ ಸೊನ್ನೆ ಏರಿಸುತ್ತಿದ್ದುದರಿಂದ ಅವು ಸೊನ್ನೆಯೊಂದಿಗಾದರೂ ಕಾಣಿಸಿಕೊಂಡು, ಫೋನು ಮಾಡಿ ವಿಚಾರಿಸಲು ಎಡೆಯಿತ್ತು. ಜಗಳೂರಿನಲ್ಲಿ ಅಂಥ ಊರಿಗೆ ಏನನ್ನೂ ಏರಿಸಿರಲಿಲ್ಲ. ಹಾಗಾಗಿ ಆ ಎಂಟು ಊರು ಸದ್ದಿಲ್ಲದೆ ಉದುರಿಹೋಗಿದ್ದವು. ಖಾಲಿ ಜಾಗವೂ ಉಳಿದಿರಲಿಲ್ಲ. ಆ ಊರುಗಳನ್ನು ಫೋನಿನಲ್ಲಿ ವಿಚಾರಿಸಿ, ಹೊರಟ ಲಾರಿಗಳಲ್ಲಿ ಎರಡನ್ನು ಪಂಚಾಕ್ಷರಪ್ಪನವರು ದಾರಿಯಲ್ಲೇ ಅತ್ತ ತಿರುಗಿಸಿದರು. ಹಳೆಯ ಪ್ರತಿಗಳನ್ನೆಲ್ಲ ವಾಪಸು ತರಿಸಿ, ಸರಿಪಡಿಸಿದ ವರದಿಯನ್ನು ಹೊಸದಾಗಿ ಮುದ್ರಿಸಿದರು. ದುರುಗೇಶ್ ಪ್ರಿಂಟರಿನ ಮುಂದೆ ಹಿಡಿದು ನಿಂತದ್ದು ಆ ಪ್ರತಿಯನ್ನೇ. ತನ್ನ ಲೆಕ್ಕದಲ್ಲಿ ಎಂಟು ಊರು ಬಿಟ್ಟುಹೋಗಿದ್ದು ಅವನಿಗೆ ಆಗ ತಿಳಿದಿರಲಿಲ್ಲ. ಅವನ ಕಣ್ಣು ಕಡೆಯ ಸಾಲನ್ನು ಬಿಟ್ಟು ಮೇಲೆ ಹೋಗಿರಲೂ ಇಲ್ಲ.

ಹದಿನೈದು ದಿನ ಅವನು ಅವರೊಡನೆ ಮಾತಾಡಲಿಲ್ಲ. ಅವರೂ ಕೇಳಲಿಲ್ಲ. ಅಷ್ಟರಲ್ಲಿ ಪಂಚಾಕ್ಷರಪ್ಪನವರಿಗೆ ಜಗಳೂರಿನ ಗೋದಾಮಿಗೆ ವರ್ಗವಾಯಿತು. ಬರಬೇಕಿದ್ದ ಬಡ್ತಿ ನಿಂತಿತು. ಹೊಗಳಿಕೆ ಕದ್ದವರಿಗೆ ತಕ್ಕದ್ದಾಯಿತೆಂದು ಒಂದು ಕ್ಷಣ ಅನ್ನಿಸಿದ್ದನ್ನು ದುರುಗೇಶ್ ಮುಂದೆ ಎಷ್ಟೋ ವರ್ಷ ಮರೆಯಲಾರದೆ ಹೋದ.

ಸಭೆಯ ನಡಾವಳಿ ಬರೆಯುತ್ತಿದ್ದ ಪ್ರಮೀಳಾ ಒಂದು ಮಧ್ಯಾಹ್ನ ಅವನ ಮೇಜಿನ ಮುಂದೆ ನಿಂತರು. “ಏನಪ್ಪ, ಇನ್ನೂ ಮುಖ ಊದಿಸ್ಕಂಡೇ ಕುಂತೀಯಾ?”

“ನನ್ ಕೆಲ್ಸ ಮೇಡಂ ಅದು. ಹೆಸರು ಮಾತ್ರ ಅವ್ರದು.”

“ಹೌದೇನು? ಹಂಗಾರೆ ಕೇಳು. ನೀನು ಮಾಡಿದ ವರದಿನಾಗೆ ಎಂಟು ಊರು ಬಿಟ್ಟೋಗಿದ್ವು. ಅವಕ್ಕೆ ಬೀಜ ತಪ್ತಿತ್ತು, ಇದನ್ನ ಮಾಡ್ದೋನ್ನ ಇವತ್ತೇ ಮನಿಗೆ ಕಳಿಸ್ರಿ ಅಂತ ಅಧ್ಯಕ್ಷರು ಗುರುಸ್ವಾಮಿಯೋರು ಸಭೆಯಾಗೆ ಟೇಬಲ್ ಕುಟ್ಟಿದ್ರು. ಯಾರ್ರೀ ಮಾಡಿದ್ದು ಅಂದ್ರು. ಸಾಹೇಬ್ರು ಹಾಳೆ ಮುಂದಕ್ಕೆ ಸರಿಸಿ, ‘ಕೆಳಗೆ ಹೆಸರು ಐತೆ, ನೋಡ್ರಿ’ ಅಂದ್ರು. ಅಷ್ಟೇ. ನಿನ್ ಗುತ್ತಿಗೆ ಮುಂದಿನ ತಿಂಗ್ಳು ಮುಗೀತಿತ್ತಲ್ಲ, ಈಗ ಹೇಳು, ಆ ಹೆಸರು ನಿಂಗೆ ಬೇಕಾಗಿತ್ತಾ?”

ಭಾನುವಾರ ದುರುಗೇಶ್ ಜಗಳೂರಿನ ಬಸ್ಸು ಹತ್ತಿದ. ಬಿತ್ತನೆಯ ಕಾಲವಾದ್ದರಿಂದ ಗೋದಾಮು ತೆರೆದೇ ಇತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋದವನು, ಮೆಕ್ಕೆಜೋಳದ ಚೀಲಗಳ ನಡುವೆ ಕುಳಿತಿದ್ದ ಪಂಚಾಕ್ಷರಪ್ಪನವರ ಮುಂದೆ ನಿಂತ. ಅವನು ಬಾಯಿ ತೆರೆಯುವ ಮೊದಲೇ ಅವರು ಪಕ್ಕದ ಸ್ಟೂಲು ತೋರಿಸಿದರು. “ಬಾ, ಚಲೋ ಹೊತ್ತಿಗೆ ಬಂದೆ. ಈಯಮ್ಮ ಏನಂತಾರೆ ಕೇಳು.”

ಈಯಮ್ಮ ಎಂದರೆ ಇಪ್ಪತ್ತು ವರ್ಷದಿಂದ ಅಲ್ಲಿ ಊರುಗಳ ಚೀಟಿ ಪಡೆದು ಬರೆದುಕೊಳ್ಳುತ್ತಿದ್ದ ಹನುಮಂತಮ್ಮ. “ಬಿತ್ತೋ ಹೊತ್ತಿನಾಗೆ ಊರಿನ ಹೆಸರಿನ ಮುಂದೆ ಸೊನ್ನೆ ಬರೀತಾರೇನ್ರಿ ಯಾರಾನ?” ಎಂದರು ಆಕೆ. “ನನ್ ಕೈ ಬರಲ್ಲ. ನೀವು ಸಾಹೇಬ್ರು, ಬೇಕಾರೆ ನೀವೇ ಬರ್ಕಳ್ರಿ.”

“ಸೊನ್ನೆ ಬ್ಯಾಡ ಬಿಡ್ರಿ,” ಎಂದರು ಪಂಚಾಕ್ಷರಪ್ಪನವರು. “ಚೀಟಿ ಇನ್ನೂ ಬರ್ಬೇಕು ಅನ್ನೋದಕ್ಕೆ ಏನ್ ಬರಿಯಾನ?”

ಆಕೆ ಕೈಯಲ್ಲಿದ್ದ ಚೀಟಿಯ ಕಟ್ಟನ್ನು ಕೆಳಗಿಟ್ಟರು. “ಕಾಯ್ತಾ ಇದೀವಿ ಅಂತ ಬರೀರಿ. ಅದು ನಿಜ ಐತಲ್ಲ.”

ಇಂದು ನಮ್ಮ ಪ್ರತಿಯೊಂದು ವರದಿಯ ಮೊದಲ ಪುಟದಲ್ಲಿ, ಮೊತ್ತಗಳಿಗೂ ಮುಂಚೆ, ‘ಕಾಯುತ್ತಿರುವ ಊರುಗಳು’ ಎಂಬ ಭಾಗವಿರುವುದು ಆ ಭಾನುವಾರದ ಫಲ. ಇಲ್ಲ ಎಂಬುದಕ್ಕೂ ಇನ್ನೂ ತಿಳಿದಿಲ್ಲ ಎಂಬುದಕ್ಕೂ ಇರುವ ಅಂತರವನ್ನು ವರದಿ ಓದುವವನಿಗೆ ಕಾಣಿಸಬೇಕು. ಊರುಗಳ ಪಟ್ಟಿಯೇ ಬುನಾದಿಯಾಗಿದ್ದು, ಬಂದ ಮಾಹಿತಿ ಅದರ ಮೇಲೆ ಕೂರಬೇಕು. ಇದನ್ನು ಅವರು ಬಳಿಕ ಬಂದ ಎಲ್ಲರಿಗೂ ಕಲಿಸಿದರು. ನ್ಯಾಮತಿ ಬೇರೆ ತಾಲ್ಲೂಕಾದಾಗ, ಹಿಂದಿನ ವರ್ಷಗಳ ಅಂಕಿಗಳಲ್ಲಿ ಆ ಊರುಗಳು ಹೊನ್ನಾಳಿಯೊಳಗೆ ಕರಗಿಹೋಗದಂತೆ, ಪ್ರತಿ ಊರಿಗೂ ಅದು ಎಂದಿನಿಂದ ಎಲ್ಲಿಗೆ ಸೇರಿದ್ದೆಂಬ ದಿನಾಂಕ ಕೊಟ್ಟು ಅವರು ಕಟ್ಟಿದ ವರದಿ ಈಗಲೂ ಹಾಗೆಯೇ ಬಳಕೆಯಲ್ಲಿದೆ. ಬಡ್ತಿ ನಾಲ್ಕು ವರ್ಷ ತಡವಾಗಿ, ಕೇಂದ್ರ ಕಚೇರಿಗೆ ಮರಳುವುದರ ಜೊತೆಗೇ ಬಂತು. ಅದರ ಮಾತನ್ನು ಅವರು ಎತ್ತಿದ್ದನ್ನು ಕೇಳಿದವರಿಲ್ಲ.

ಅಂದು ಸಂಜೆಯ ಬಸ್ಸು ಬರುವವರೆಗೂ ಇಬ್ಬರೂ ಚೀಟಿಗಳನ್ನು ಎಣಿಸಿದರು. ಹೊರಡುವಾಗ ಪಂಚಾಕ್ಷರಪ್ಪನವರು ತಮ್ಮ ಪೆನ್ಸಿಲನ್ನು ದುರುಗೇಶನ ಜೇಬಿಗೆ ಸಿಕ್ಕಿಸಿ, “ಸಹಿಗಿಂತ ಮುಂಚೆ ಇದು,” ಎಂದರು. ಇಂದು ಅವರ ಕುರ್ಚಿಗೆ ಬರಲಿರುವ ದುರುಗೇಶ್ ಈ ಸಂಗತಿಯನ್ನೆಲ್ಲ ತಾನೇ ಸಂಪಾದಕ ಮಂಡಳಿಗೆ ಹೇಳಿ, ಮುಚ್ಚದೆ ಅಚ್ಚು ಮಾಡಬೇಕೆಂದು ಕೇಳಿಕೊಂಡ. ಆ ವರದಿಯ ಕೆಳಗೆ ಇರಬೇಕಾಗಿದ್ದ ಹೆಸರು ಈಗ ಈ ಪುಟದಲ್ಲಿದೆ.

ಪಂಚಾಕ್ಷರಪ್ಪನವರಿಗೂ ಶ್ರೀಮತಿ ಶಾಂತಾದೇವಿಯವರಿಗೂ ದೀರ್ಘವಾದ, ನೆಮ್ಮದಿಯ ಆಯುಷ್ಯ ದೊರೆಯಲಿ. ಕತ್ತಲಗೆರೆಯ ಮನೆಯಲ್ಲಿ ಕುಳಿತು ಹೊಸಬರಿಗಾಗಿ ಬರೆಯುತ್ತಿರುವ ಕೈಪಿಡಿ ಬೇಗ ಮುಗಿಯಲಿ, ಮುಗಿದ ಮೇಲೆ ಇನ್ನೊಂದು ಶುರುವಾಗಲಿ. ನಾವು ಕಾಯುತ್ತಿರುವವರ ಪಟ್ಟಿಯಲ್ಲಿದ್ದೇವೆ.

ಆ ಹೆಸರನ್ನು ಏಕೆ ಬದಲಿಸಿದರೆಂದು ಅವರು ದುರುಗೇಶನಿಗೆ ಎಂದೂ ಹೇಳಲಿಲ್ಲ.