ತಲೆ ಮುಚ್ಚಿಕೊಂಡ ಗೋಲ್‌ಕೀಪರ್

ಹಾಲ್ಕುರಿಕೆಯ ಭೀಮರಾಜು ವಾರಪೂರ್ತಿ ಕಾಯಿ ಸುಲಿಯುತ್ತಾನೆ, ಭಾನುವಾರ ಗೋಲು ಕಾಯುತ್ತಾನೆ. ನಮ್ಮೂರಿನ ಫುಟ್‌ಬಾಲ್ ತಂಡ ಇರುವುದು ಜಿಲ್ಲಾ ಲೀಗಿನ ಕೊನೆಯ ಡಿವಿಷನ್‌ನಲ್ಲಿ. ಮೇಲೆ ಇನ್ನೊಂದು ಡಿವಿಷನ್, ಅದರ ಮೇಲೆ ರಾಜ್ಯದ ಲೀಗು, ಅದಕ್ಕೂ ಮೇಲೆ ಟೀವಿಯಲ್ಲಿ ಬರುವವರು. ನಮ್ಮ ಕೆಳಗೆ ಯಾರೂ ಇಲ್ಲ, ಬೀಳೋಣವೆಂದರೂ ಜಾಗವಿಲ್ಲ.

ಈ ವರ್ಷ ಮಾತ್ರ ಮೇಲೇರುವ ಕಾಲ ಬಂದಿತ್ತು. ಕೊನೆಯ ಪಂದ್ಯ ನಮ್ಮೂರಲ್ಲೇ, ಪಾವಗಡದ ಕಡೆಯವರ ಮೇಲೆ. ಸಮವಾದರೂ ಸಾಕಿತ್ತು. ಭೀಮರಾಜುವಿನ ಮಗಳು, ಐದನೇ ಕ್ಲಾಸಿನ ಸುಷ್ಮಿತಾ, "ನಮ್ಮಪ್ಪ ಒಂದು ಗೋಲೂ ಬುಡಲ್ಲ" ಎಂದು ಸ್ಕೂಲಿಗೆಲ್ಲ ಡಂಗುರ ಸಾರಿ, ಗೆಳತಿಯರ ಜೊತೆ ಗೋಲಿನ ಪಕ್ಕದಲ್ಲೇ ಕೂತಿದ್ದಳು. ಗೋಲಿನ ಹಿಂದೆ ಬಸವರಾಜಪ್ಪನವರ ತೆಂಗಿನ ತೋಟ.

ಪಂದ್ಯ ಮುಗಿಯುತ್ತಾ ಬಂದಿತ್ತು, ಯಾರದೂ ಗೋಲಿಲ್ಲ. ಪಾವಗಡದ ಹುಡುಗನೊಬ್ಬ ದೂರದಿಂದ ಒದ್ದ. ಎಂಥ ಪೇಲವ ಒದೆತವೆಂದರೆ ನಮ್ಮಜ್ಜಿಯೂ ಹಿಡಿಯಬಹುದಿತ್ತು. ಅಷ್ಟರಲ್ಲಿ ತೋಟದಲ್ಲಿ ಒಣಗರಿಯೊಂದು ಚಟಾರನೆ ಮುರಿಯಿತು. ಭೀಮರಾಜು ಎರಡೂ ಕೈ ತಲೆ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟ. ಚೆಂಡು ಉರುಳುತ್ತಾ ಒಳಗೆ ಹೋಯಿತಂತೆ. ಪಾವಗಡದವರು ಬೆಚ್ಚಲಿಲ್ಲ, ಅವರೂರಲ್ಲಿ ಮೇಲಿಂದ ಬೀಳುವುದು ಬಿಸಿಲೊಂದೇ.

ನಾವು ಇದ್ದಲ್ಲೇ ಉಳಿದೆವು. ಭೂಮಿ ಬಾಯಿಬಿಟ್ಟರೆ ಸಾಕೆನ್ನುವಷ್ಟು ನಾಚಿಕೆ ಭೀಮರಾಜುಗೆ. ತಂಡದವರ ಮುಖವನ್ನು ಹೇಗೋ ನೋಡಿದ, ಮಗಳ ಮುಖ ನೋಡಲಾಗಲಿಲ್ಲ. ಅವಳು ಏಳುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದ.

"ಹೆತ್ತ ಮಗೀನ ಕಂಡು ಯಾಕಿಂಗೆ ತಪ್ಪಿಸ್ಕೊಂಡು ತಿರುಗ್ತೀಯ?" ಎಂದು ಹೆಂಡತಿ ಮಂಗಳಾ ಬೈದು, ಮುಂದಿನ ಭಾನುವಾರ ಇಬ್ಬರನ್ನೂ ಒಟ್ಟಿಗೆ ಅಂಗಡಿಗೆ ಅಟ್ಟಿದಳು.

ದಾರಿಯಲ್ಲಿ ಹಾಲಸ್ವಾಮಿಯ ಟೀ ಅಂಗಡಿ. ಅವರನ್ನು ಕಂಡದ್ದೇ ಹಾಲಸ್ವಾಮಿ ತಲೆ ಮೇಲೆ ಕೈಯಿಟ್ಟು ಕುಕ್ಕರಿಸಿ, "ಗರಿ ಬಿತ್ತು ಕಣ್ಲಾ!" ಎಂದ. ಅಲ್ಲಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭೀಮರಾಜು ತಲೆ ತಗ್ಗಿಸಿ ನಿಂತ.

"ಹಾಲಸ್ವಾಮಣ್ಣ, ಚೆಂಡು ಯಾವ್ ಕಡೆಗೆ ಹೋಯ್ತು? ಎಡಕ್ಕೋ, ಬಲಕ್ಕೋ?" ಎಂದಳು ಸುಷ್ಮಿತಾ.

ಹಾಲಸ್ವಾಮಿ ತಡವರಿಸಿದ. ನಮ್ಮ ಕಡೆ ನೋಡಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಂಗೂ ಗೊತ್ತಿಲ್ಲ," ಎಂದಳು ಸುಷ್ಮಿತಾಳೇ. " ನಾನೂ ತಲೆ ಮುಚ್ಕೊಂಡಿದ್ದೆ. ಸದ್ದು ಕೇಳಿದ್ರೆ ಮೊದ್ಲು ತಲೆ ಮುಚ್ಕೋ ಅಂತ ಅಪ್ಪನೇ ಹೇಳ್ಕೊಟ್ಟಿದ್ದು."

ಹಾಲಸ್ವಾಮಿ ಎದ್ದು ಟೀ ಕಾಯಿಸಲು ಹೋದ. ನಾವು ನಮ್ಮ ನಮ್ಮ ಲೋಟ ನೋಡುತ್ತಾ ಕೂತೆವು. ಕೊನೆಗೆ ಭೀಮರಾಜುವೇ ಮಗಳ ಮುಖ ನೋಡಿ ಬಾಯಿಬಿಟ್ಟ.

"ಎಡಕ್ಕೆ ಕಣವ್ವ. ಕೈ ಸಂದೀಲಿ ನೋಡ್ತಾನೇ ಇದ್ದೆ."