ಸಮುದ್ರ ಎತ್ತಿದವನ ಅಣ್ಣ

ಮೊನ್ನೆ ಮೊಮ್ಮಗಳು ಮೈಕ್ರೋವೇವ್‌ನಲ್ಲಿ ಪಾಪ್‌ಕಾರ್ನ್ ಸಿಡಿಸಿ ತಂದಿಟ್ಟಳು. ಆ ಬೆಣ್ಣೆಯ ವಾಸನೆ ನನಗೆ ಆಗದು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಕರಿಬೇವು, ಅರಿಶಿನ, ಖಾರದ ಪುಡಿಯ ಒಗ್ಗರಣೆ ಕೊಟ್ಟು ಎಲ್ಲವನ್ನೂ ಅದರಲ್ಲಿ ಸುರುವಿದೆ. ಬೆಳ್ಳುಳ್ಳಿ ಕೆಂಪಾದ ವಾಸನೆ ಎದ್ದದ್ದೇ ತಡ, ಹಿಂದಿನ ರೂಮಿನ ಹುಡುಗಿ ಬಾಗಿಲಲ್ಲಿ ನಿಂತು, "ಆಂಟಿ, ಶುರು ಮಾಡೋಣ್ವಾ?" ಎಂದು ಕೇಳಿದ ಹಾಗಾಯಿತು. ತಿರುಗಿ ನೋಡಿದೆ. ಆ ರೂಮಿನಲ್ಲಿ ಈಗ ಅಳಿಯ ಓಡುವ ಯಂತ್ರ ತಂದಿಟ್ಟಿದ್ದಾನೆ. ಅದರ ಮೇಲೆ ಯಾರೂ ಓಡಿದ್ದನ್ನು ನಾನು ನೋಡಿಲ್ಲ, ಬಟ್ಟೆ ಒಣಗುತ್ತವೆ.

ನಾನು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ಗೆ ಬಂದ ಹೊಸತು. ಮೊಮ್ಮಗಳು ಇನ್ನೂ ತೊಟ್ಟಿಲ ಕೂಸು. ಮಗಳು, ಅಳಿಯ ಮನೆ ಸಾಲದ ಭಾರ ಇಳಿಯಲಿ ಎಂದು ಹಿಂದಿನ ರೂಮನ್ನು ಒಬ್ಬ ನರ್ಸಿಗೆ ಕೊಟ್ಟಿದ್ದರು. ಮೈಸೂರು ಕಡೆಯ ಕ್ರಿಶ್ಚಿಯನ್ ಹುಡುಗಿ, ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ನನ್ನದು ಗದಗಿನ ಮಾತು, ಅವಳದು ಮೈಸೂರಿನ ಮಾತು. ಮೊದಮೊದಲು ನಾನು ಸಿಟ್ಟಿನಲ್ಲಿದ್ದೇನೆ ಎಂದೇ ಅವಳು ತಿಳಿದಿದ್ದಳಂತೆ. ನಾನು ಮಾತಾಡುವುದೇ ಹಾಗೆ ಎಂದು ಆಮೇಲೆ ಅವಳಿಗೆ ತಿಳಿಯಿತು.

ಒಳ್ಳೆಯ ಹುಡುಗಿ. ಆದರೆ ಒಂದು ಮಾತಿತ್ತು. ಅವಳ ಫೋನಿಗೆ ಆಗಾಗ ಊರಿನಿಂದ ಒಂದು ಕರೆ ಬರುತ್ತಿತ್ತು. ಬಂದರೆ ಫೋನನ್ನು ಬೋರಲು ಹಾಕಿಬಿಡುವಳು. ಅದು ಟೇಬಲ್ಲಿನ ಮೇಲೆ ಗುಂಯ್‌ಗುಡುತ್ತ ಸರಿದಾಡುವುದು, ಅವಳು ಚಹಾ ಕುಡಿಯುವಳು.

"ಯಾರದವ್ವಾ?" ಎಂದು ಒಮ್ಮೆ ಕೇಳಿದೆ.

"ಯಾರೂ ಇಲ್ಲ ಆಂಟಿ. ನನಗೆ ಊರಲ್ಲಿ ಯಾರೂ ಇಲ್ಲ."

ಯಾರೂ ಇಲ್ಲದವರಿಗೆ ಯಾರು ಇಷ್ಟು ಸಲ ಫೋನು ಮಾಡುತ್ತಾರೆ ಎಂದುಕೊಂಡೆ. ಆದರೆ ಬಾಯಿ ಬಿಡಲಿಲ್ಲ. ಬಾಡಿಗೆಯವಳು ಬಿಟ್ಟು ಹೋದರೆ ಮಗಳು ನನ್ನ ಮೇಲೆ ಹಾರಾಡುತ್ತಿದ್ದಳು.

ರಜೆಯ ಮಧ್ಯಾಹ್ನ ನಾವಿಬ್ಬರೂ ಸಿನಿಮಾ ನೋಡುತ್ತಿದ್ದೆವು. ಹಾರುವ ಹೀರೋಗಳ ಸಿನಿಮಾ ಅವಳಿಗೆ ಇಷ್ಟ. ನನಗೆ ಇಂಗ್ಲಿಷ್ ಬಾರದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅವರು ಪರದೆಯ ಮೇಲೆ ಹೇಳಿದ್ದನ್ನು ಅವಳು ನನ್ನ ಕಿವಿಯ ಹತ್ತಿರ ಕನ್ನಡದಲ್ಲಿ ಹೇಳುವಳು, ನಾನು ನಡುನಡುವೆ ತಕರಾರು ತೆಗೆಯುವೆ.

ಒಂದು ಸಿನಿಮಾದಲ್ಲಿ ಕಬ್ಬಿಣದ ಮುಖವಾಡ ಹಾಕಿಕೊಂಡ ಒಬ್ಬ ದುಷ್ಟ ಇದ್ದ. ದೊಡ್ಡದೊಂದು ಯಂತ್ರ ಕಟ್ಟಿ, ಸಮುದ್ರವನ್ನೇ ಗೋಡೆಯ ಹಾಗೆ ಎತ್ತಿ ಊರ ಮೇಲೆ ಸುರಿಯಲು ನಿಂತಿದ್ದ.

"ಊರು ಮುಳುಗಿದ ಮ್ಯಾಲ ಇವ ಹಾಲು ಎಲ್ಲಿಂದ ತರ್ತಾನ? ಡೇರಿನೂ ಮುಳುಗತೈತಲ್ಲ" ಎಂದೆ. "ಮತ್ತ ಆ ಹೀರೋಗ ಹಾರಾಕ ಬರತೈತಿ, ಮೆಟ್ಟಲ ಯಾಕ ಹತ್ತಾಕತ್ತಾನ?"

ಅವಳು ನಕ್ಕಳು.

"ಅದಿರ್ಲಿ. ಊರ ಮ್ಯಾಲ ಇವಗ ಇಷ್ಟ್ಯಾಕ ಸಿಟ್ಟು?"

ಪರದೆಯ ಮೇಲೆ ಮುಖವಾಡದವನು ಮಾತಾಡುತ್ತಲೇ ಇದ್ದ. ಆಮೇಲೆ ಅಂದಳು: "ಅವನ ಅಮ್ಮ ಸತ್ತಿದ್ದು ಅವನಿಗೆ ಯಾರೂ ಹೇಳಲಿಲ್ಲ ಆಂಟಿ. ದೂರ ಓದೋಕೆ ಹೋಗಿದ್ದ. ಪರೀಕ್ಷೆ ಇತ್ತು. ಮಣ್ಣು ಮಾಡಿ ಆದ್ಮೇಲೆ ಅಣ್ಣ ಫೋನ್ ಮಾಡಿದ."

"ಅವ್ವನ್ನ ಎಲ್ಲೂ ತೋರಸವಲ್ರಲ್ಲ?"

"ಹಳೇ ಕಥೆ. ಬರೀ ಮಾತಲ್ಲಿ ಹೇಳ್ತಾರೆ."

ಆ ಸಮುದ್ರ ಎತ್ತಿದವನ ಮೇಲೆ ನನಗೆ ಮರುಕವೇನೂ ಹುಟ್ಟಲಿಲ್ಲ, ಬೇಸರ ಬಂತು. "ಅಣ್ಣ ಯಾಕ ಮುಚ್ಚಿಟ್ಟ?"

"ಓದು ಕೆಡಬಾರದು ಅಂತ."

"ಅಂದ್ರ ಅಣ್ಣ ದಡ್ಡ. ದುಷ್ಟ ಅಲ್ಲ. ದಡ್ಡಗ ಬೈಬೇಕು. ಎದುರಿಗೆ ನಿಂತು, ಇಲ್ಲಾ ಫೋನಿನ್ಯಾಗ, ಗಂಟಲು ಹರಿಯೂ ಹಂಗ ಬೈಬೇಕು. ಅವಗ ಒಂದ ಮಾತು ಬೈಲಾರದ ಸಮುದ್ರ ಎತ್ತತೀನಿ ಅಂದ್ರ? ಈ ಕಥಿ ಬರದವಗ ಬುದ್ಧಿ ಇಲ್ಲ."

ಅವಳು ರಿಮೋಟ್ ಒತ್ತಿ ನಿಲ್ಲಿಸಿದಳು. ಎತ್ತಿದ ಸಮುದ್ರ ಹಾಗೆಯೇ ನಿಂತಿತು. "ಬೈದ್ರೆ ಅಮ್ಮ ವಾಪಸ್ ಬರ್ತಾಳಾ?" ಎಂದಳು.

"ಸಮುದ್ರ ಎತ್ತಿದ್ರ ಬರ್ತಾಳೇನು?"

ಬಟ್ಟಲಿನಲ್ಲಿ ಒಗ್ಗರಣೆಯ ತಳ ಮಾತ್ರ ಉಳಿದಿತ್ತು. ಅವಳು ಬೆರಳಲ್ಲಿ ಅದನ್ನೇ ಕೆದಕುತ್ತ ಕುಳಿತಳು... ಕೊನೆಗೆ ಸಿನಿಮಾ ಮುಗಿದಾಗ ದುಷ್ಟ ಸಾಯಲಿಲ್ಲ, ಎಲ್ಲಿಗೋ ತಪ್ಪಿಸಿಕೊಂಡ. "ಎರಡನೇ ಭಾಗ ಬರುತ್ತೆ ಆಂಟಿ" ಎಂದಳು. "ಬರ್ಲಿ. ಅಷ್ಟರಾಗ ಅವಗ ಬುದ್ಧಿ ಬಂದಿರ್ಲಿ" ಎಂದೆ.

ಆ ವಾರವೋ ಮುಂದಿನ ವಾರವೋ ನೆನಪಿಲ್ಲ. ಫೋನು ಗುಂಯ್‌ಗುಟ್ಟಿತು. ಅವಳು ಬೋರಲು ಹಾಕಿದಳು. ಮತ್ತೆ ಗುಂಯ್‌ಗುಟ್ಟಿತು. ಎತ್ತಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋದಳು. ಕಿಟಕಿಯಿಂದ ಕೇಳಿಸುತ್ತಿತ್ತು, ನಾನೇನು ಕಿವಿ ಮುಚ್ಚಿಕೊಳ್ಳಲಿಲ್ಲ. ಅಬ್ಬಾ, ಬೈದಳು. ಇಂಥ ಮೆತ್ತಗಿನ ಹುಡುಗಿಯ ಹೊಟ್ಟೆಯಲ್ಲಿ ಅಷ್ಟು ಬೈಗುಳ ಎಲ್ಲಿದ್ದವೋ. ಪಕ್ಕದ ಮನೆಯ ಬಿಳಿಯ ಮುದುಕ ಬೇಲಿಯ ಮೇಲಿಂದ ಇಣುಕಿ ನೋಡಿದ. ಆಮೇಲೆ ದನಿ ಇಳಿಯಿತು. ಆಮೇಲೆ ಕೇಳಿಸಲೇ ಇಲ್ಲ.

ಒಳಗೆ ಬಂದವಳ ಕಣ್ಣು ಕೆಂಪಾಗಿದ್ದವು. ಚಹಾ ಕೊಟ್ಟೆ.

"ಯಾರದು?"

"ಅಣ್ಣ."

"ನಿನಗ ಅಣ್ಣ ಅದಾನೇನು?"

"ಇದಾನೆ ಆಂಟಿ. ಮೊದ್ಲು ಇರ್ಲಿಲ್ಲ."

ಮುಂದೆ ಫೋನು ಬೋರಲು ಬೀಳುವುದು ನಿಂತಿತು. ಒಮ್ಮೊಮ್ಮೆ ಅವನೊಡನೆ ಜಗಳವಾಡುತ್ತಲೇ ಅನ್ನಕ್ಕೆ ಇಡುತ್ತಿದ್ದಳು. ಎರಡನೆಯ ಭಾಗ ಬಂತು, ಅದನ್ನೂ ನೋಡಿದೆವು. ಮುಖವಾಡದವನು ಅಣ್ಣನಿಗೆ ಫೋನು ಮಾಡಿ ಬೈದನಂತೆ, ಅಣ್ಣ ತಪ್ಪಾಯಿತು ಎಂದನಂತೆ. ಪರದೆಯ ಮೇಲೆ ಢಮಾರ್ ಎಂದು ಬೆಂಕಿ ಎದ್ದಿತು. "ಮತ್ತ ಇದೇನು?" ಎಂದೆ. "ಯಂತ್ರನ ಅವನೇ ಒಡೆದು ಹಾಕ್ತಿದಾನೆ ಆಂಟಿ" ಎಂದಳು. ಇದು ಸರಿಯಾದ ಕಥೆ ಎಂದು ನಾನು ಒಪ್ಪಿದೆ.

ಮುಂದೊಂದು ದಿನ, ಊರಲ್ಲಿ ಅಣ್ಣನ ಹತ್ತಿರವೇ ಇದ್ದ ಅವಳ ಅಪ್ಪನಿಗೆ ಹುಷಾರು ತಪ್ಪಿತು. ಈ ಸಲ ಅಣ್ಣ ಮುಚ್ಚಿಡಲಿಲ್ಲ, ಆಸ್ಪತ್ರೆಗೆ ಸೇರಿಸುವ ಮೊದಲೇ ತಿಳಿಸಿದ. ಅವಳು ಹೋದಳು. ಅಪ್ಪನಿಗೆ ಕೊನೆಯ ಗುಟುಕು ನೀರು ತಾನೇ ಕುಡಿಸಿದೆ ಎಂದು ಫೋನಿನಲ್ಲಿ ಹೇಳಿದಳು. ಅಲ್ಲಿಯೇ ಕೆಲಸ ಹಿಡಿದು ಉಳಿದಳು. ಕೆಲವು ಕ್ರಿಸ್‌ಮಸ್‌ಗೆ ಕರೆ ಬಂತು, ಆಮೇಲೆ ನಂಬರು ಬದಲಾಯಿತೋ ಏನೋ... ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳಂಥ ಜೊತೆ ನನಗೆ ಈ ಊರಿನಲ್ಲಿ ಮತ್ತೆ ಸಿಗಲಿಲ್ಲ. ಇದನ್ನು ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಮೊನ್ನೆ ಮೊಮ್ಮಗಳು ಹಾಕಿದ್ದು ಅದೇ ಸಿನಿಮಾ. ಕಬ್ಬಿಣದ ಮುಖವಾಡ ಕಂಡೊಡನೆ ನಾನು, "ಪಾಪ, ಇವನ ಅವ್ವ ಸತ್ತದ್ದು ಅಣ್ಣ ಇವಗ ಹೇಳಿರಲಿಲ್ಲ" ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ವಾಟ್? ನೋ ಅಜ್ಜಿ. ಹೀ ಜಸ್ಟ್ ವಾಂಟ್ಸ್ ದ ಸ್ಟೋನ್." ಸಮುದ್ರದ ತಳದಲ್ಲಿ ಒಂದು ಹಸಿರು ಕಲ್ಲಿದೆಯಂತೆ, ಅದು ಸಿಕ್ಕರೆ ಬಲ ಬರುತ್ತದಂತೆ, ಅಷ್ಟೇ ಅವನ ಆಸೆಯಂತೆ. ಎರಡನೆಯ ಭಾಗದಲ್ಲಿ ಹೀರೋ ಅವನನ್ನು ಯಂತ್ರದ ಜೊತೆಗೇ ಸುಟ್ಟುಬಿಡುತ್ತಾನಂತೆ.

ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡೆ. ಪಾಪ್‌ಕಾರ್ನ್ ಇನ್ನೂ ಬಿಸಿಯಾಗಿತ್ತು.

"ಅಣ್ಣಾ ಈಸ್ ನಾಟ್ ಇನ್ ದಿಸ್ ಮೂವಿ, ಅಜ್ಜಿ."

"ಮೊದಲ ಇರಲಿಲ್ಲ," ಎಂದೆ. "ಆಮ್ಯಾಲ ಬಂದ."