ಸೊಸೆಯ ನಕ್ಷೆ, ನೀರಗಂಟಿಯ ವಾಲ್ವ್

ನಮ್ಮ ಯಜಮಾನರು ತೀರಿಕೊಂಡ ಮೂರನೇ ದಿನ ಊರಿನಲ್ಲಿ ನೀರು ನಿಂತಿತು.

ಅವರ ಮೇಲಿನ ಗೌರವಕ್ಕಲ್ಲ. ಅವರು ಪಂಚಾಯಿತಿಯ ನೀರಗಂಟಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ ಎನ್ನುವುದು ಅವರ ತಲೆಯಲ್ಲಿತ್ತು. ಬೇರೆಲ್ಲೂ ಇರಲಿಲ್ಲ. ಪಂಚಾಯಿತಿ ಮೆಂಬರು ಬಂದು ಬಾಗಿಲಲ್ಲಿ ಕೈ ಮುಗಿದು ನಿಂತ.

"ಅಕ್ಕ, ಹಿಂಗೆ ಕೇಳ್ಬಾರ್ದು, ಸೂತಕದ ಮನೆ. ಮೇಲಿನ ಬೀದಿ ವಾಲ್ವ್ ಎಲ್ಲೈತೆ ಅಂತ ನಿಮಗೇನಾದ್ರೂ ಗೊತ್ತಾ?"

ಗೊತ್ತಿತ್ತು. ಮೂವತ್ತು ವರ್ಷ ಅವರಿಗೆ ಮಧ್ಯಾಹ್ನದ ಮುದ್ದೆ ಹೊತ್ತುಕೊಂಡು ಹೋದವಳು ನಾನು. ಅವರು ಎಲ್ಲೆಲ್ಲಿ ಬಗ್ಗುತ್ತಿದ್ದರು ಅಂತ ಕಣ್ಣಿಗೆ ಗೊತ್ತಿತ್ತು. ಎದ್ದು ಹೊರಟೆ. ಮೂರನೇ ದಿನವೇ ಹೀಗೆ ಬೀದಿಗೆ ಇಳಿಯಬಾರದು ಎಂದು ನೆಂಟರು ಅಡ್ಡ ಬಂದರು. ನೀರಿಲ್ಲದೆ ಸೂತಕದ ಸ್ನಾನ ಹೇಗೆ ಮಾಡ್ತೀರಿ ಅಂದೆ. ದಾರಿ ಬಿಟ್ಟರು.

ಹದಿನಾಲ್ಕು ವಾಲ್ವ್‌ಗಳಲ್ಲಿ ಹನ್ನೊಂದು ತೋರಿಸಿದೆ. ಉಳಿದ ಮೂರನ್ನು ಅವರು ಜೊತೆಗೇ ತಗೊಂಡು ಹೋದರು. ಇವತ್ತಿಗೂ ಸಿಕ್ಕಿಲ್ಲ.

ಅಂದಿನಿಂದ ಊರಿಗೆ ಮೂವರು ನೀರಗಂಟಿಗಳು ಬದಲಾದರು. ಹೊಸಬ ಬಂದಾಗಲೆಲ್ಲ ಮೊದಲು ತಟ್ಟುವುದು ನಮ್ಮ ಮನೆ ಬಾಗಿಲು. ನಿಜ ಹೇಳಬೇಕೆಂದರೆ, ನನಗದು ಇಷ್ಟವೇ. (ವಯಸ್ಸಾದವರನ್ನು ಏನಾದರೂ ಕೇಳಲು ಬರುವವರು ಇನ್ಯಾರಿದ್ದಾರೆ, ಹೇಳಿ?)

ಈ ಹಳೇ ಕಥೆ ಈಗ್ಯಾಕೆ? ಸೊಸೆಯ ಆಫೀಸಿನವರು ಒಂದು ಸಾಫ್ಟ್‌ವೇರ್ ಕೊಳ್ಳಲು ಹೊರಟದ್ದಕ್ಕೆ.

ಸೊಸೆ ಶೈಲಾ ಕೆಲಸ ಮಾಡುವುದು ಹೂವು, ತರಕಾರಿಯನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಹುಟ್ಟಿಕೊಂಡ ಕಂಪನಿಗಳಲ್ಲಿ ಅದೂ ಒಂದು. ಅವಳ ಹುದ್ದೆಯ ಹೆಸರು ಎಂಟರ್‌ಪ್ರೈಸ್ ಆರ್ಕಿಟೆಕ್ಟ್. ಕಟ್ಟಡ ಎಲ್ಲಿ ಕಟ್ಟಿಸುತ್ತೀಯೇ ಅಂತ ಮೊದಲ ವರ್ಷವೇ ಕೇಳಿದ್ದೆ.

"ಕಟ್ಟಡ ಅಲ್ಲ ಅತ್ತೆ. ಕಂಪನಿಲಿ ನೂರೆಂಟು ಸಿಸ್ಟಮ್ ಓಡ್ತಿರುತ್ತೆ. ಯಾವ್ದು ಯಾವ್ದಕ್ಕೆ ಮಾಹಿತಿ ಕೊಡುತ್ತೆ, ಒಂದು ನಿಂತ್ರೆ ಇನ್ಯಾವ್ದು ನಿಲ್ಲುತ್ತೆ, ಯಾವ ಕೆಲ್ಸಕ್ಕೆ ಯಾರು ಹೊಣೆ, ಅದಕ್ಕೆಲ್ಲ ನಕ್ಷೆ ಇಡೋದು ನನ್ನ ಕೆಲ್ಸ."

"ಹಂಗಂದ್ರೆ ನೀರಗಂಟಿ ಕೆಲ್ಸ ಅನ್ನು."

ಬೇರೆಯವಳಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದಳು. ಅವಳು ಸ್ವಲ್ಪ ಯೋಚಿಸಿ, "ಹೂಂ ಅತ್ತೆ, ಅದೇ" ಅಂದಳು. ಅವತ್ತೇ ನನಗೆ ಅವಳ ಮೇಲೆ ಒಂದು ಮೆಚ್ಚುಗೆ ಕೂತಿತು. ಬಾಯಿಬಿಟ್ಟು ಹೇಳಿಲ್ಲ.

ಇಷ್ಟು ದಿನ ಆ ನಕ್ಷೆ ಅಲ್ಲೊಂದು ಎಕ್ಸೆಲ್ ಶೀಟು, ಇಲ್ಲೊಂದು ಸ್ಲೈಡು ಅಂತ ಚದುರಿಹೋಗಿತ್ತಂತೆ. ಅದಕ್ಕೇ ಆದ ಸಾಫ್ಟ್‌ವೇರ್ ತರೋಣ ಎಂದು ಕಂಪನಿ ತೀರ್ಮಾನಿಸಿತು. ಅದನ್ನು ಮಾರುವ ಮೂರು ಕಂಪನಿಗಳು ಕೊನೆಯ ಸುತ್ತಿಗೆ ಉಳಿದವು. ಆರಿಸುವ ಹೊಣೆ ಶೈಲಾಳದು, ಗಡುವು ಎರಡು ವಾರ.

ಗಡುವು ಯಾಕೆಂದರೆ, ಅವರ ತೂಕದ ಶೆಡ್ಡಿನಲ್ಲಿ ಒಂದು ಹಳೇ ಸಿಸ್ಟಮ್ ಇದೆ. ತಿಂಗಳ ಕೊನೆಗೆ ಅದನ್ನು ನಿಲ್ಲಿಸಬೇಕೆಂದು ಮೇಲಿನವರ ಅಪ್ಪಣೆ. ಹೊಸ ನಕ್ಷೆ ನೋಡಿ, ನಿಲ್ಲಿಸಿದರೆ ಬೇರೇನೂ ಕೆಡುವುದಿಲ್ಲ ಎಂದು ಬರೆದು ಸಹಿ ಹಾಕಬೇಕಾದವಳು ಇವಳು. ಸಹಿ ತಪ್ಪಾದರೆ? ಹೂವು ಮಾರನೇ ದಿನಕ್ಕೆ ಕಾಯುತ್ತದಾ? ಎಲ್ಲ ಕೊಳೆತು ತಿಪ್ಪೆಗೆ. ಅದರ ಹಿಂದೆಯೇ ಇವಳ ಕೆಲಸವೂ.

ಮನೆಯಿಂದಲೇ ಕೆಲಸವಾದ್ದರಿಂದ ಮೂರು ಡೆಮೋಗಳೂ ನಮ್ಮ ಊಟದ ಮೇಜಿನ ಮೇಲೇ ನಡೆದವು. ನಾನು ಆಚೆ ತುದಿಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಇಂಗ್ಲಿಷ್ ಅರ್ಥವಾಗದಿದ್ದರೂ ಮಾರುವವನ ದನಿ ಅರ್ಥವಾಗುತ್ತದೆ.

ಮೊದಲನೆಯದಕ್ಕೆ ನಾನಿಟ್ಟ ಹೆಸರು ರಂಗೋಲಿ. ಏನು ಬಣ್ಣ, ಸಿಸ್ಟಮ್ಮಿಗೊಂದರಂತೆ ಏನು ಡಬ್ಬಿಗಳು! ಒಂದು ಮುಟ್ಟಿದರೆ ಹತ್ತು ಅರಳುತ್ತವೆ. ಶೈಲಾಳ ಮ್ಯಾನೇಜರ್ ಅದಕ್ಕೆ ಮರುಳಾದ.

ಎರಡನೆಯದು ತಾಲ್ಲೂಕು ಕಚೇರಿ. ಒಂದು ಗೆರೆ ಎಳೆಯಬೇಕೆಂದರೂ ಇದು ಯಾವ ಜಾತಿಯ ಗೆರೆ, ಎಲ್ಲಿಂದ ಹೊರಟಿತು, ಯಾರ ಒಪ್ಪಿಗೆ ಅಂತ ಕೇಳುತ್ತದೆ. (ಬೈಯಬೇಡಿ ಅತ್ತೆ, ಅಂದಳು ಶೈಲಾ. ತರಬೇತಾದ ಜನ ಕೈತುಂಬ ಇರುವ ದೊಡ್ಡ ಬ್ಯಾಂಕುಗಳಿಗೆ ಅದೇ ಸರಿಯಂತೆ. ಆ ಕಟ್ಟುನಿಟ್ಟೇ ಅದರ ಶಕ್ತಿಯಂತೆ. ಇರಬಹುದು.)

ಮೂರನೆಯದು ಸ್ಲೇಟು. ನೋಡಲು ಚೆನ್ನಾಗಿಲ್ಲ. ಬೂದುಬಣ್ಣದ ಡಬ್ಬಿ, ಕಪ್ಪು ಗೆರೆ. ಹುಡುಕಿದರೆ ಉತ್ತರ ಬರುವುದೂ ನಿಧಾನ.

ನನ್ನ ಸೊಸೆ ಏನು ಮಾಡಿದಳು ಗೊತ್ತಾ? ಮೂವರ ಮಾತನ್ನೂ ಪೂರ್ತಿ ಕೇಳಿದಳು. ಆಮೇಲೆ, "ಇದು ನೀವು ಮೊದ್ಲೇ ಮಾಡಿಟ್ಟ ಚಿತ್ರ. ನಮ್ಮ ಕಂಪನೀದು ಬರೆದು ತೋರ್ಸಿ" ಅಂದಳು. ಮೂವರಿಗೂ ಕಂಪನಿಯ ಸಿಸ್ಟಮ್ಮುಗಳ ಒಂದೇ ಪಟ್ಟಿ, ಒಂದೇ ಪ್ರಶ್ನೆ: ತೂಕದ ಶೆಡ್ಡಿನ ಹಳೇ ಸಿಸ್ಟಮ್ ನಿಂತರೆ ಏನೇನು ನಿಲ್ಲುತ್ತದೆ? ಜೊತೆಗೆ ಇನ್ನೊಂದು ಮಾತು: ನಾಳೆ ನಿಮ್ಮನ್ನು ಬಿಟ್ಟು ಹೋದರೆ ನಾವು ತುಂಬಿದ್ದೆಲ್ಲ ನಮಗೆ ವಾಪಸ್ ಸಿಗುತ್ತದಾ? ಬಾಡಿಗೆ ಮನೆಗೆ ಹಾಲುಕ್ಕಿಸುವ ಮೊದಲೇ ಖಾಲಿ ಮಾಡುವ ದಿನದ ಮಾತು! ನಮ್ಮ ಹುಡುಗಿ ಪರವಾಗಿಲ್ಲ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಮೂರೂ ಒಂದೇ ಹೇಳಿದವು: ಏನೂ ನಿಲ್ಲುವುದಿಲ್ಲ.

ಶೈಲಾಳ ಮುಖ ಅರಳಿತು. "ನೋಡಿ ಅತ್ತೆ, ಮೂರೂ ಒಂದೇ ಉತ್ತರ. ಇನ್ನು ಧೈರ್ಯವಾಗಿ ಸಹಿ ಹಾಕ್ಬೋದು."

ನಾನು ಅವರೆ ಸಿಪ್ಪೆ ಒಟ್ಟು ಮಾಡುತ್ತಾ ಕೇಳಿದೆ. "ಈ ಗೆರೆಗಳ್ನೆಲ್ಲ ಹೇಳ್ದೋರು ಯಾರೇ?"

"ಮ್ಯಾನೇಜರ್ ಪಟ್ಟಿ ಕೊಟ್ರು."

"ಮ್ಯಾನೇಜರ್ ವಾಲ್ವ್ ತಿರುಗಿಸ್ತಾನಾ?"

ಅವಳು ನನ್ನ ಮುಖ ನೋಡಿದಳು. ಲ್ಯಾಪ್‌ಟಾಪ್ ಮುಚ್ಚಿದಳು.

ಮಾರನೇ ದಿನ ನನ್ನನ್ನು ದೇವನಹಳ್ಳಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದಿತ್ತು. ಬೂದಿಗೆರೆ ಕಡೆ ಸುತ್ತಿಕೊಂಡು ಹೋಗೋಣ ಅಂದಳು. ಅವರ ತೂಕದ ಶೆಡ್ ಇರುವುದು ಅಲ್ಲೇ. ನನಗೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ಟೀ ಸಿಕ್ಕಿತು. ತೂಕ ಹಾಕುವ ನಾರಾಯಣಪ್ಪ ಬಂದು ನಿಂತ. ತಲೆಗೆ ಟವೆಲ್ಲು, ಕಿವಿಯ ಮೇಲೆ ಪೆನ್ನು.

"ಈ ಹಳೇ ಸಿಸ್ಟಮ್ ಯಾರಾದ್ರೂ ಉಪಯೋಗಿಸ್ತಾರಾ ನಾರಾಯಣಪ್ಪೋರೆ?"

"ಯಾರೂ ಮುಟ್ಟಲ್ಲ ಮೇಡಂ. ಹೊಸದ್ರಲ್ಲೇ ಎಲ್ಲ."

"ಹಂಗಾದ್ರೆ ನಿಲ್ಲಿಸ್ಬೋದು."

"ನಿಲ್ಸಿ. ಆದ್ರೆ ಚೀಟಿ ಎಲ್ಲಿಂದ ಬರುತ್ತೆ?"

"ಯಾವ ಚೀಟಿ?"

ಆತ ಒಂದು ಹೂವಿನ ಪೆಟ್ಟಿಗೆ ತಿರುಗಿಸಿದ. ಪಕ್ಕದಲ್ಲಿ ಬೆರಳುದ್ದದ ಚೀಟಿ ಅಂಟಿಸಿತ್ತು. ಹೊಸ ಸಿಸ್ಟಮ್ ತೂಕ ಬರೆದುಕೊಳ್ಳುತ್ತದೆ, ಅದು ತಾನೇ ಹಳೆಯದಕ್ಕೆ ಕಳಿಸುತ್ತದೆ, ಹಳೆಯದು ಚೀಟಿ ಹೊಡೆಯುತ್ತದೆ. ಆ ಚೀಟಿ ನೋಡಿಯೇ ಕೋಲ್ಡ್ ರೂಮಿನವರು ಯಾವ ಪೆಟ್ಟಿಗೆಯನ್ನು ಯಾವ ಕೋಣೆಗೆ ಸೇರಿಸಬೇಕೆಂದು ತೀರ್ಮಾನಿಸುವುದು.

"ಸ್ಕ್ರೀನ್‌ನಲ್ಲಿ ಬರುತ್ತಲ್ಲ ಅದು?" ಅಂದಳು ಶೈಲಾ.

"ಬರುತ್ತೆ. ಆ ಚಳೀಲಿ, ದಪ್ಪ ಗ್ಲೌಸ್ ಹಾಕ್ಕೊಂಡು ಯಾರ್ ಮೇಡಂ ಸ್ಕ್ರೀನ್ ಉಜ್ಜುತ್ತಾ ನಿಂತ್ಕೊಳ್ತಾರೆ? ಚೀಟಿ ಇಲ್ಲ ಅಂದ್ರೆ ಪೆಟ್ಟಿಗೆ ಬಾಗ್ಲಲ್ಲೇ. ಮಧ್ಯಾಹ್ನಕ್ಕೆ ಗುಲಾಬಿ ಪಲ್ಯ."

"ಇದನ್ನ ಮುಂಚೆನೇ ಯಾಕೆ ಹೇಳ್ಲಿಲ್ಲ ನೀವು?"

"ಯಾರೂ ಕೇಳ್ಲಿಲ್ವಲ್ಲ ಮೇಡಂ."

ಟೀ ಲೋಟ ಕೆಳಗಿಟ್ಟೆ. ಮೂವತ್ತು ವರ್ಷ ಮುದ್ದೆ ಹೊತ್ತುಕೊಂಡು ಹೋದೆನಲ್ಲ, ಒಂದು ದಿನವಾದರೂ ಇದು ಯಾವ ಬೀದಿಯ ವಾಲ್ವ್ ಅಂತ ಕೇಳಿದ್ದೆನಾ? ಡಬ್ಬಿ ಇಟ್ಟು, ಬೇಗ ತಿನ್ನಿ, ಹಸುಗೆ ಹುಲ್ಲು ಹಾಕಬೇಕು ಎನ್ನುತ್ತಿದ್ದೆ. ಇರಲಿ. ಅದಕ್ಕೆ ಈಗ ಅತ್ತು ಪ್ರಯೋಜನವಿಲ್ಲ.

ಶೈಲಾ ಅಲ್ಲೇ ಒಂದು ಕೆಲಸ ಮಾಡಿದಳು. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ತನ್ನ ಲ್ಯಾಪ್‌ಟಾಪನ್ನು ನಾರಾಯಣಪ್ಪನ ಮುಂದಿಟ್ಟು, "ಈ ನಕ್ಷೇಲಿ ಚೀಟಿ ಗೆರೆ ಇಲ್ಲ. ನೀವೇ ಸೇರ್ಸಿ" ಅಂದಳು.

"ನಾನಾ? ಕೆಟ್ರೆ?"

"ಕೆಡಲಿ. ಇದು ಟ್ರಯಲ್ಲು."

ರಂಗೋಲಿ ಅವನನ್ನು ತಿದ್ದಲು ಬಿಡಲಿಲ್ಲ. ನೋಡಬಹುದು, ಮುಟ್ಟಬಾರದು. ಮುಟ್ಟುವವರಿಗೆ ಬೇರೆ ಲೈಸೆನ್ಸಂತೆ. ತಾಲ್ಲೂಕು ಕಚೇರಿ, ಯಾವ ಜಾತಿಯ ಬಾಣದ ಗೆರೆ ಅಂತ ಕೇಳಿತು. ನಾರಾಯಣಪ್ಪ ಮೂರು ಸಲ ತಲೆ ಕೆರೆದುಕೊಂಡು, "ನನ್ನ ಜಾತಿ ಬೇಕಾದ್ರೆ ಹೇಳ್ತೀನಿ, ಬಾಣದ್ದು ಗೊತ್ತಿಲ್ಲ" ಅಂದ. ಶೈಲಾ ಕಳಿಸಿದ ಲಿಂಕಿನಿಂದ ಸ್ಲೇಟು ಅವನ ಫೋನಿನಲ್ಲೇ ತೆರೆಯಿತು. ಹಳೇ ಸಿಸ್ಟಮ್ಮಿನ ಡಬ್ಬಿಯ ಮೇಲೆ ಬೆರಳಿಟ್ಟ. 'ಬದಲಾವಣೆ ತಿಳಿಸಿ' ಎಂದು ಬಂತು. ಕನ್ನಡದಲ್ಲೇ ಕುಟ್ಟಿದ: "ಇಲ್ಲಿಂದ ಕೋಲ್ಡ್ ರೂಮ್ ಬಾಗಿಲಿಗೆ ಚೀಟಿ ಹೋಗುತ್ತದೆ."

ಶೈಲಾಳ ಫೋನು ಕುಯ್ ಅಂದಿತು. ಅವಳು ಒಪ್ಪಿದಳು. ನಕ್ಷೆಯಲ್ಲಿ ಗೆರೆ ಮೂಡಿತು. ಪಕ್ಕದಲ್ಲೇ ಹೆಸರು: ಹೇಳಿದವರು ನಾರಾಯಣಪ್ಪ. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು: ಹಳೇ ಸಿಸ್ಟಮ್ ನಿಂತರೆ ಏನು ನಿಲ್ಲುತ್ತದೆ? ಕೋಲ್ಡ್ ರೂಮಿನ ಡಬ್ಬಿ ಕೆಂಪಾಯಿತು. ಅದರ ಹಿಂದೆ ಪ್ಯಾಕಿಂಗ್, ಲಾರಿ, ವಿಮಾನ, ಒಂದೊಂದಾಗಿ ಎಲ್ಲ ಕೆಂಪು.

"ಅಯ್ಯೋ ಶಿವನೇ, ಒಂದು ಚೀಟಿಗೆ ಇಷ್ಟಾ?" ಅಂದ ನಾರಾಯಣಪ್ಪ. ಆಮೇಲೆ ಟವೆಲ್ಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡ.

ಗುರುವಾರ ಊಟದ ಮೇಜಿನ ಮೇಲೇ ಆಫೀಸಿನ ಮೀಟಿಂಗು. ನಾನು ಕಾಯಿ ತುರಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ರಂಗೋಲಿಯೇ ಇರಲಿ, ಡೈರೆಕ್ಟರುಗಳಿಗೆ ತೋರಿಸಲು ಚೆನ್ನ ಅಂತ ಮ್ಯಾನೇಜರ್ ಶುರುಮಾಡಿದ. ಇವಳು ದನಿ ಏರಿಸಲಿಲ್ಲ.

"ಸರ್, ಮೂರು ಸಾಫ್ಟ್‌ವೇರೂ ತಪ್ಪು ಉತ್ತರ ಕೊಟ್ಟವು. ತಪ್ಪು ನಂದು. ನಾನು ನಿಮ್ಮನ್ನ ಕೇಳ್ದೆ, ನಾರಾಯಣಪ್ಪೋರನ್ನ ಕೇಳ್ಲಿಲ್ಲ. ಗೊತ್ತಿರೋರು ಬಂದು ನೇರವಾಗಿ ತಿದ್ದೋಕಾಗೋದು ಮೂರನೇದ್ರಲ್ಲಿ ಮಾತ್ರ. ಹಳೇದನ್ನ ನಿಲ್ಸೋ ಕಾಗ್ದಕ್ಕೆ ಈ ತಿಂಗ್ಳು ನಾನು ಸಹಿ ಹಾಕಲ್ಲ."

ಆ ಕಡೆಯಿಂದ ಯಾರೋ ದೊಡ್ಡವರು, "ಸರಿ ಶೈಲಾ, ನೀವು ಹೇಳಿದ್ದೇ ತಗೊಳ್ಳೋಣ" ಅಂದರು.

ಸ್ಲೇಟಿನ ಕುಂದುಗಳನ್ನೂ ಅವಳು ವರದಿಯಲ್ಲಿ ಬರೆದಿದ್ದಾಳಂತೆ. ಚಿತ್ರ ಸಪ್ಪೆ, ಹುಡುಕಾಟ ನಿಧಾನ, ಎಲ್ಲ. ತಾನು ಆರಿಸಿದ್ದರ ಕೊರತೆಯನ್ನು ತಾನೇ ಹೇಳುವವರನ್ನು ನೀವು ಎಷ್ಟು ಜನ ನೋಡಿದ್ದೀರಿ? ನಾನಂತೂ ನೋಡಿದ್ದು ಕಡಿಮೆ. ಸೊಸೆ ತರುವಾಗ ನಾನೇ ಅಷ್ಟು ಕುಂದು ಹುಡುಕಿರಲಿಲ್ಲ.

ಭಾನುವಾರ ನನ್ನ ಮುಂದೆ ಲ್ಯಾಪ್‌ಟಾಪ್ ತಂದಿಟ್ಟಳು.

"ಅತ್ತೆ, ಮಾವನ ವಾಲ್ವ್‌ಗಳನ್ನ ಹೇಳಿ. ಅಭ್ಯಾಸಕ್ಕೆ ನಮ್ಮೂರ್ದೇ ನಕ್ಷೆ ಬರೆಯೋಣ."

ಹೇಳಿದೆ. ಅರಳಿಕಟ್ಟೆ ಹಿಂದಿನದು, ಸ್ಕೂಲ್ ಕಾಂಪೌಂಡ್ ಮೂಲೆಯದು, ಡೈರಿ ಪಕ್ಕ ಚಪ್ಪಡಿ ಕೆಳಗಿನದು. ಹನ್ನೊಂದು ಡಬ್ಬಿಗಳು ತುಂಬಿದವು. ಸಿಗದ ಮೂರಕ್ಕೂ ಡಬ್ಬಿ ಹಾಕಿ, ಒಳಗೆ 'ಗೊತ್ತಿಲ್ಲ' ಎಂದು ಬರೆದಳು. ಮೊಮ್ಮಗಳು ಬಂದು, "ಅಜ್ಜಿ, ಇದು ತಾತನ ಊರಾ?" ಅಂದಳು. ನನಗೆ ಖುಷಿಯಾಯಿತು. ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆಮೇಲೆ ಶೈಲಾ ಒಂದು ಗುಂಡಿ ಒತ್ತಿದಳು. ಹನ್ನೊಂದೂ ಕೆಂಪಾದವು.

"ಏನೇ ಇದು? ನಾನು ಸರಿಯಾಗೇ ಹೇಳಿದ್ನಲ್ಲ!"

"ಸರಿಯಾಗೇ ಇದೆ ಅತ್ತೆ. 'ಗೊತ್ತಿರೋರು ಯಾರು' ಅನ್ನೋ ಕಡೆ ಹನ್ನೊಂದಕ್ಕೂ ಒಂದೇ ಹೆಸ್ರು ಇದೆ. ನಿಮ್ದು. ಅಂಥದ್ದನ್ನ ಇದು ಅಪಾಯ ಅನ್ನುತ್ತೆ."

ಕೋಪ ಬಂತು. ಯಾಕೆ ಬಾರದು? ಅಷ್ಟು ವರ್ಷ ಬಾಗಿಲು ತಟ್ಟಿಸಿಕೊಂಡವಳು ನಾನು. ಆದರೆ ಕೆಂಪು ಕೆಂಪೇ. ಮೊನ್ನೆ ಮೊನ್ನೆ ತಾನೆ ಕಣ್ಣಿನ ಡಾಕ್ಟರು, ಎಡಗಣ್ಣು ಹೆಚ್ಚು ದಿನ ನಂಬಬೇಡಿ ಅಂದಿದ್ದರು.

ಸೋಮವಾರ ಬೆಳಿಗ್ಗೆ ಈಗಿನ ನೀರಗಂಟಿಯನ್ನು ಮನೆಗೆ ಕರೆಸಿದೆ. ಕೋಲು ಹಿಡಿದುಕೊಂಡು ಹನ್ನೊಂದು ವಾಲ್ವ್‌ಗಳ ಹತ್ತಿರವೂ ನಡೆಸಿದೆ. ಪ್ರತಿಯೊಂದನ್ನೂ ಅವನ ಕೈಯಲ್ಲೇ ತಿರುಗಿಸಿದೆ. ಅವನ ಹೆಸರನ್ನು ನನ್ನ ಹೆಸರಿನ ಕೆಳಗೆ ಬರೆಸಿದೆ. ಇನ್ನು ಮೇಲೆ ನಮ್ಮ ಬಾಗಿಲು ತಟ್ಟುವವರಿಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ, ನಿಮ್ಮೂರಿನಲ್ಲಿ ಎಲ್ಲ ಡಬ್ಬಿಗಳ ಮೇಲೂ ಇರುವ ಆ ಒಂದೇ ಹೆಸರು ಯಾರದು? ಸೂತಕಕ್ಕೆ ಮುಂಚೆ ಹೋಗಿ ಕೇಳಿಕೊಂಡು ಬನ್ನಿ.